ನಾಯಿಗೆ ರಾಗಿ–ಗೆಣಸಿನ ಬಿಸ್ಕತ್ತು: ಮೂರೇ ದಿನಕ್ಕೆ ಬೂಸ್ಟು ಯಾಕೆ?

ಗೆಣಸುಗಡ್ಡೆ: ರಾಗಿ ಹಿಟ್ಟು 200 ಗ್ರಾಂ, ಬೇಯಿಸಿ ಹಿಸುಕಿದ ಸಿಹಿಗೆಣಸು 150 ಗ್ರಾಂ, ಒಂದು ಮೊಟ್ಟೆ. ಓವನ್‌ನಲ್ಲಿ 180 ಡಿಗ್ರಿ, 20 ನಿಮಿಷ. ಡಬ್ಬಿಗೆ ಹಾಕಿದ ಮೂರನೇ ದಿನಕ್ಕೆ ಬೂಸ್ಟು. ಗೆಣಸು ಜಾಸ್ತಿ ಆಯ್ತಾ?

ಒಲೆಯುರಿ: ಗೆಣಸಿನ ತಪ್ಪಲ್ಲ, ಒಣಗಿದ್ದು ಸಾಲದು. ನಾವು ತಿನ್ನೋ ಬಿಸ್ಕತ್ತು ಕೆಡದಿರೋಕೆ ಸಕ್ಕರೆಯೂ ಒಂದು ಕಾರಣ. ನಾಯಿಗೆ ಮಾಡೋದರಲ್ಲಿ ಅದನ್ನ ಹಾಕಲ್ಲ, ಹಾಗಾಗಿ ನೀರು ತೆಗೆಯೋದೊಂದೇ ದಾರಿ. ರಾಗಿ ಮೊದಲೇ ಕಂದು, ಬಣ್ಣ ನೋಡಿ ಬೆಂದಿದೆ ಅಂತ ಹೇಳೋಕಾಗಲ್ಲ. ತೂಕ ಹಾಕಿ: ನಿಮ್ಮ ಅಳತೆಗೆ ಹಸಿ ಹಿಟ್ಟು ಸುಮಾರು 400 ಗ್ರಾಂ, ಅದರಲ್ಲಿ 170 ಗ್ರಾಂ ನೀರೇ. ಒಣಗಿದ ಮೇಲೆ 250 ಗ್ರಾಂ ಆಸುಪಾಸಿಗೆ ಇಳಿದಿರಬೇಕು. 300 ಇದ್ದರೆ ಡಬ್ಬಿಗೆ ಹಾಕಲೇಬೇಡಿ. ಅರ್ಧ ಸೆಂ.ಮೀ. ದಪ್ಪಕ್ಕೆ ಲಟ್ಟಿಸಿ 160 ಡಿಗ್ರಿಯಲ್ಲಿ 25 ನಿಮಿಷ ಬೇಯಿಸಿ, ಆಮೇಲೆ 100 ಡಿಗ್ರಿಗೆ ಇಳಿಸಿ, ಬಾಗಿಲು ಬೆರಳಷ್ಟು ತೆರೆದಿಟ್ಟು ಇನ್ನೊಂದು ಗಂಟೆ. ಮುರಿದರೆ ಟಕ್ ಅನ್ನಬೇಕು. ಪೂರ್ತಿ ಆರುವ ಮುಂಚೆ ಮುಚ್ಚಿದರೆ ಮುಚ್ಚಳದಲ್ಲಿ ಬೆವರು ಕಟ್ಟುತ್ತೆ, ಅಲ್ಲಿಂದಲೇ ಬೂಸ್ಟು.

ಮುಧೋಳಪ್ರಿಯ: ಬೂಸ್ಟು ಕಂಡ ತುಂಡನ್ನಷ್ಟೇ ಎಸೆದು ಉಳಿದದ್ದನ್ನ ಕೊಡಬಹುದಲ್ವಾ?

ಒಲೆಯುರಿ: ಬೇಡ. ಕಣ್ಣಿಗೆ ಕಾಣದ ಕಡೆಯೂ ವಿಷ ಇಳಿದಿರುತ್ತೆ, ಕೆಲವು ಬೂಸ್ಟಿನ ವಿಷಕ್ಕೆ ನಾಯಿಗೆ ನಡುಕ, ಫಿಟ್ಸ್ ಬರುತ್ತೆ. ಡಬ್ಬಿ ಪೂರ್ತಿ ಎಸೆಯಿರಿ.

ಮುಧೋಳಪ್ರಿಯ: ಹಿಟ್ಟಿಗಿಂತ ಕೋಳಿ ಲಿವರ್ ಮೇಲು ಅನ್ನೋದು ನನ್ನ ವಾದ. ಹತ್ತು ನಿಮಿಷ ಬೇಯಿಸಿ, ತೆಳ್ಳಗೆ ಹೆಚ್ಚಿ, 100 ಡಿಗ್ರಿಯಲ್ಲಿ ಎರಡು ಗಂಟೆ. ಕಡಲೆಕಾಳಿನಷ್ಟು ತುಂಡಿಗೇ ನಾಯಿ ಹೇಳಿದ್ದು ಕೇಳುತ್ತೆ. ಬೇಯಿಸದೆ ನೇರ ಒಣಗಿಸಬಾರದು, ಕಡಿಮೆ ಶಾಖಕ್ಕೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಯದೆ ಉಳಿಯಬಹುದು.

ಬಾಲ_ಬೀಸು: ತರಬೇತಿಗೆ ಒಪ್ಪಿದೆ, ದಿನಾ ಮುಷ್ಟಿ ಮುಷ್ಟಿ ಕೊಡೋದಕ್ಕೆ ಒಪ್ಪಲ್ಲ. ಲಿವರ್‌ನಲ್ಲಿ ವಿಟಮಿನ್ ಎ ವಿಪರೀತ, ದೇಹದಲ್ಲೇ ಶೇಖರವಾಗುತ್ತೆ, ತಿಂಗಳುಗಟ್ಟಲೆ ಹೆಚ್ಚಾದರೆ ಮೂಳೆಗೆ ತೊಂದರೆ. ಬಿಸ್ಕತ್ತಿಗೂ ಲೆಕ್ಕ ಬೇಕು ರೀ. ಮೇಲಿನ ಅಳತೆಗೆ ಒಟ್ಟು ಸುಮಾರು 850 ಕ್ಯಾಲೊರಿ. 60 ಬಿಸ್ಕತ್ತು ಮಾಡಿದರೆ ಒಂದಕ್ಕೆ 14. ಹತ್ತು ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು 600 ಬೇಕು, ತಿಂಡಿ ಅದರಲ್ಲಿ ಹತ್ತನೇ ಒಂದು ಪಾಲು ಮೀರಬಾರದು. ಅಂದರೆ ನಾಲ್ಕೇ ನಾಲ್ಕು.

ಗೆಣಸುಗಡ್ಡೆ: ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯಲ್ಲ, ಮರಿಗೆ ಎರಡು ಹೆಚ್ಚು ಕೊಟ್ಟರೆ ಒಳ್ಳೆಯದಲ್ವಾ?

ಬಾಲ_ಬೀಸು: ಇಲ್ಲ. ಮರಿಯ ಕ್ಯಾಲ್ಸಿಯಂ ಅದರ ಊಟದಿಂದ ಬರಬೇಕು, ತಿಂಡಿಯಿಂದಲ್ಲ. ಇನ್ನೊಂದು ಮುಖ್ಯ ಮಾತು: ರಾಗಿ, ಗೆಣಸು ಎರಡರಲ್ಲೂ ಆಕ್ಸಲೇಟ್ ಇದೆ. ಮೂತ್ರಕೋಶದಲ್ಲಿ ಆಕ್ಸಲೇಟ್ ಕಲ್ಲು ಆಗಿದ್ದ ನಾಯಿಗೆ ಈ ಬಿಸ್ಕತ್ತೇ ಬೇಡ.

ಹೊಸಬ್ಬ: ರುಚಿಗೆ ಚಿಟಿಕೆ ಬೆಳ್ಳುಳ್ಳಿ ಪುಡಿ? ಪೀನಟ್ ಬಟರ್?

ಒಲೆಯುರಿ: ಬೆಳ್ಳುಳ್ಳಿ, ಈರುಳ್ಳಿ ಯಾವ ರೂಪದಲ್ಲೂ ಬೇಡ, ಕೆಂಪು ರಕ್ತಕಣ ಒಡೆಯುತ್ತೆ, ಪುಡಿಯಂತೂ ಹಸಿಯದಕ್ಕಿಂತ ಗಾಢ. ಒಣದ್ರಾಕ್ಷಿಯೂ ಬೇಡ, ಕಿಡ್ನಿಗೆ ಪೆಟ್ಟು. ಪೀನಟ್ ಬಟರ್ ಡಬ್ಬಿ ಮೇಲೆ ಝೈಲಿಟಾಲ್ (ಸಕ್ಕರೆ ಬದಲು ಹಾಕೋ ಸಿಹಿ) ಅಂತಿದ್ದರೆ ಮುಟ್ಟಬೇಡಿ, ನಾಯಿಯ ರಕ್ತದ ಸಕ್ಕರೆ ಒಂದು ಗಂಟೆಯೊಳಗೇ ಕುಸಿಯಬಹುದು. ಕಡಲೆಬೀಜ ಹುರಿದು ಮನೆಯಲ್ಲೇ ರುಬ್ಬಿ, ಈ ಅಳತೆಗೆ ಒಂದು ಚಮಚ ಸಾಕು. ಮುಗ್ಗಲು ವಾಸನೆಯ ಬೀಜ ಮಾತ್ರ ಬೇಡ.

ಹೊಸಬ್ಬ: ಓವನ್ ಇಲ್ಲ.

ಮುಧೋಳಪ್ರಿಯ: ದಪ್ಪ ತಳದ ಬಾಣಲೆಗೆ ಒಂದು ಇಂಚು ಕಲ್ಲುಪ್ಪು, ಮೇಲೆ ಸ್ಟ್ಯಾಂಡು, ತಟ್ಟೆ. ಹತ್ತು ನಿಮಿಷ ಮೊದಲೇ ಕಾಯಿಸಿ, ಸಣ್ಣ ಉರಿಯಲ್ಲಿ ಮುಚ್ಚಿ 35 ನಿಮಿಷ, ನಡುವೆ ಒಮ್ಮೆ ಮಗುಚಿ. ಆಮೇಲೆ ಮುಚ್ಚಳ ತೆಗೆದು ಒಣಗಿಸಿ. ಇಷ್ಟಾದರೂ 250 ಗ್ರಾಂಗೆ ಇಳಿಯೋದು ಕಷ್ಟ, ಫ್ರಿಜ್‌ನಲ್ಲಿಟ್ಟು ನಾಲ್ಕು ದಿನದಲ್ಲಿ ಮುಗಿಸಿ.