9 ತಿಂಗಳ ಮಗು, ತೂಕ ಏರುತ್ತಿಲ್ಲ: ರಾಗಿ ಸರಿ ಸಾಲದೇ?

ಪ್ರಶ್ನೆ:
ಹೆಣ್ಣು ಮಗು. ಹುಟ್ಟಿದಾಗ 2.9 ಕೆಜಿ, 6 ತಿಂಗಳಿಗೆ 6.6, ಈಗ 9 ತುಂಬಿ 6.9. ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ (ತೂಕದ ಗೆರೆ ಎಳೆಯುವ ಪುಟ) ಇನ್ನೂ ಹಸಿರಲ್ಲೇ ಇದೆ, ಹೆದರಬೇಡಿ ಅಂತ ತೂಗುವವರು ಹೇಳ್ತಾರೆ. ಎದೆಹಾಲು ಕುಡಿಯುತ್ತೆ. ದಿನಕ್ಕೆ ಎರಡು ಸಲ ರಾಗಿ ಸರಿ, ಮಧ್ಯಾಹ್ನ ಬೇಳೆ ಕಟ್ಟು. ಜ್ವರ, ಭೇದಿ ಇಲ್ಲ. ಏನು ಬದಲಿಸಬೇಕು?

ಉತ್ತರ 1:
ಬಣ್ಣ ಬಿಡಿ, ಗೆರೆ ನೋಡಿ. ಈ ವಯಸ್ಸಿನ ಹೆಣ್ಣು ಮಗು 6.5 ಕೆಜಿಗಿಂತ ಕೆಳಗಿಳಿದರಷ್ಟೇ ಹಸಿರು ತಪ್ಪುತ್ತೆ. ಆದರೆ ಈ ಮೂರು ತಿಂಗಳಲ್ಲಿ ಸುಮಾರು 900 ಗ್ರಾಂ ಏರಬೇಕಿತ್ತು, ಏರಿದ್ದು 300. ಗೆರೆ ಮಲಗಿದೆ. ಮೊದಲು ಅದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ, ಮುಳ್ಳು ಸೊನ್ನೆಗೆ ತಂದು ಇನ್ನೊಮ್ಮೆ ತೂಗಿಸಿ. ರಾಗಿ ಸರಿ ಎಷ್ಟು ತೆಳ್ಳಗಿದೆ? ಬಾಟಲಿಗೆ ಹಾಕ್ತೀರಾ?

ಪ್ರಶ್ನೆ ಕೇಳಿದವರು:
ಹೌದು, ಬಾಟಲಿ. ಒಂದು ಲೋಟ ನೀರಿಗೆ ಒಂದು ಚಮಚ ಹಿಟ್ಟು.

ಉತ್ತರ 2:
ಸಮಸ್ಯೆ ಅಲ್ಲೇ ಇದೆ. ದೊಡ್ಡ ಚಮಚ ಹಿಟ್ಟು ಅಂದ್ರೂ 10 ಗ್ರಾಂ, ಸುಮಾರು 35 ಕ್ಯಾಲೊರಿ. ಎದೆಹಾಲಿನ ಜೊತೆಗೆ ಈ ವಯಸ್ಸಿಗೆ ಊಟದಿಂದ ದಿನಕ್ಕೆ 300ರಷ್ಟು ಬೇಕು. ಪುಟ್ಟ ಹೊಟ್ಟೆ ನೀರಲ್ಲೇ ತುಂಬಿ ಹೋಗುತ್ತೆ. ಬೇಳೆ ಕಟ್ಟೂ ಅಷ್ಟೇ, ಸತ್ವವೆಲ್ಲ ತಳದ ಬೇಳೆಯಲ್ಲಿ. ಅದನ್ನೇ ಅನ್ನದ ಜೊತೆ ಮಸೆದು ಕೊಡಿ.

ಬಾಟಲಿ ಬಿಟ್ಟು ಬಟ್ಟಲು, ಚಮಚ ಹಿಡಿಯಿರಿ. ಸರಿ ಚಮಚದಿಂದ ಜಾರದಷ್ಟು ಗಟ್ಟಿ ಇರಲಿ. ಪ್ರತಿ ಬಟ್ಟಲಿಗೂ ಒಂದು ಟೀ ಚಮಚ ತುಪ್ಪ ಹಾಕಿದರೆ 45 ಕ್ಯಾಲೊರಿ ಸೇರುತ್ತೆ. ಅರ್ಧ ಬಟ್ಟಲಿನಂತೆ (125 ಮಿಲಿ) ದಿನಕ್ಕೆ 3-4 ಸಲ, ನಡುವೆ ಬಾಳೆಹಣ್ಣು. ಬೇಯಿಸಿದ ಮೊಟ್ಟೆಯನ್ನೂ ಶುರು ಮಾಡಬಹುದು.

ಉತ್ತರ 3:
ಗಟ್ಟಿ ಮಾಡಿದರೆ ಕೆಲವು ಮಕ್ಕಳು ಉಗುಳುತ್ತವೆ. ಅದಕ್ಕೆ ಮೊಳಕೆ ರಾಗಿ ಹಿಟ್ಟು ಬೇಕು. ಗಟ್ಟಿ ಸರಿ ಬೇಯಿಸಿ, ಕೊಂಚ ಆರಿದ ಮೇಲೆ ಅರ್ಧ ಟೀ ಚಮಚ ಮೊಳಕೆ ಹಿಟ್ಟು ಕಲಸಿ. ಐದಾರು ನಿಮಿಷದಲ್ಲಿ ಸಡಿಲವಾಗುತ್ತೆ, ಕ್ಯಾಲೊರಿ ಹೋಗಲ್ಲ. ಕುದಿಯುವಾಗಲೇ ಹಾಕಿದರೆ ಮೊಳಕೆಯಲ್ಲಿರುವ, ಪಿಷ್ಟ ಒಡೆದು ಸಡಿಲ ಮಾಡುವ ಕಿಣ್ವ ಸತ್ತು ಏನೂ ಆಗಲ್ಲ. ಸಡಿಲವಾದ ಮೇಲೆ ಮಾತ್ರ ಮತ್ತೊಂದು ಕುದಿ ಕೊಡಿ, ಹಸಿ ಹಿಟ್ಟಲ್ಲಿ ರೋಗಾಣು ಇರಬಹುದು. ಮೊಳಕೆಯನ್ನು ಕೆಂಪಗೆ ಹುರಿದು ಬೀಸಿಸಿದ್ದರೆ ಆ ಹಿಟ್ಟು ಈ ಕೆಲಸಕ್ಕೆ ಬರಲ್ಲ.

ಉತ್ತರ 1:
ಎರಡು ವಾರ ಬಿಟ್ಟು ತೂಗಿಸಿ. ಆದರೂ ಏರದಿದ್ದರೆ ಮಕ್ಕಳ ಡಾಕ್ಟರ ಹತ್ತಿರ ಮೂತ್ರ, ಹಿಮೋಗ್ಲೋಬಿನ್ ನೋಡಿಸಿ. ಕೆಲವೊಮ್ಮೆ ಜ್ವರವೇ ಬರದೆ ಮೂತ್ರದ ಸೋಂಕು ತೂಕ ತಡೆದಿರಬಹುದು. ಹಾಲು ಕುಡಿಯುವಾಗ ಬೆವರಿ ಏದುಸಿರು ಬಿಟ್ಟರೆ ಕಾಯಬೇಡಿ, ಹೃದಯ ನೋಡಿಸಬೇಕು. ಮೇಲ್ತೋಳಿನ ನಡುಭಾಗದ ಸುತ್ತಳತೆ 11.5 ಸೆಂಮೀಗಿಂತ ಕಡಿಮೆ ಬಂದರೂ ಅಂದೇ ಆಸ್ಪತ್ರೆಗೆ.