ಜಾನುವಾರುಗಳ ವಿದ್ಯುತ್ ಬೇಲಿ: ತಂತ್ರಜ್ಞರೊಂದಿಗೆ ಪ್ರಶ್ನೋತ್ತರ

ಹಸು ಸಾಕುವವರು: ನಮಸ್ಕಾರ ಸರ್. ಬೇಲಿಗೆ ವಿದ್ಯುತ್ ಕೊಡುವ ಯಂತ್ರವಾದ ಎನರ್ಜೈಸರ್ ಮೇಲೆ 8,000 ವೋಲ್ಟ್ ಎಂದು ಬರೆದಿದ್ದರೂ ಬೇಲಿಯ ಕೊನೆಯಲ್ಲಿ ಮೀಟರ್ 2,000 ಕೂಡ ತೋರಿಸುತ್ತಿಲ್ಲ. ಯಂತ್ರವನ್ನೇ ಬದಲಿಸಬೇಕೇ ಎಂದು ತಾವು ದಯವಿಟ್ಟು ತಿಳಿಸಬೇಕು.

ತಂತ್ರಜ್ಞರು: ನಮಸ್ಕಾರ. ಮೊದಲು ಬೇಲಿಯ ತಂತಿಯನ್ನು ಯಂತ್ರದಿಂದ ಬಿಡಿಸಿ, ಯಂತ್ರದ ಎರಡು ತುದಿಗಳ ನಡುವೆ ಬೇಲಿ ಮೀಟರಿನಿಂದಲೇ ಅಳೆಯಿರಿ. ಅಲ್ಲಿ ವೋಲ್ಟೇಜ್ ಸರಿಯಿದ್ದರೆ ದೋಷವು ತಂತಿಗೆ ತಾಗಿದ ಹುಲ್ಲಿನಲ್ಲೋ, ಬಿರುಕುಬಿಟ್ಟ ಇನ್ಸುಲೇಟರಿನಲ್ಲೋ, ದುರ್ಬಲ ಅರ್ಥಿಂಗಿನಲ್ಲೋ ಇದೆ. ಅರ್ಥಿಂಗಿಗೆಂದು ನೆಲದಲ್ಲಿ ಹೂಳುವ, ಎರಡು ಮೀಟರ್ ಉದ್ದದ ಜಿಐ (ಸತು ಲೇಪಿಸಿದ ಕಬ್ಬಿಣದ) ಸಲಾಕೆಗಳು ಕನಿಷ್ಠ ಮೂರು ಇರಬೇಕು, ಅವುಗಳ ನಡುವೆ ಮೂರು ಮೀಟರ್ ಅಂತರವಿರಬೇಕು. ಹಸುಗಳಿಗೆ ಬೇಲಿಯ ಕೊನೆಯಲ್ಲೂ 3,000 ವೋಲ್ಟಿಗೆ ಕಡಿಮೆಯಾಗಬಾರದು.

ಮೇಕೆ ಸಾಕುವವರು: ಒಂದೇ ತಂತಿ ಎಳೆದಿದ್ದೇವೆ, ಮೇಕೆಗಳು ಅದರ ಕೆಳಗೆ ನುಸುಳಿ ಹೋಗುತ್ತವೆ.

ತಂತ್ರಜ್ಞರು: ಹಸುವಿಗೆ ಸಾಕಾಗುವ ಬೇಲಿ ಮೇಕೆಗೆ ಸಾಲದು. ಹಲವು ತಂತಿಗಳು ಬೇಕು, ಕೆಳಗಿನದು ನೆಲದಿಂದ ಸುಮಾರು 20 ಸೆಂಟಿಮೀಟರ್ ಎತ್ತರದಲ್ಲಿರಲಿ. ಮುಳ್ಳುತಂತಿಗೆ ವಿದ್ಯುತ್ ಕೊಡಲೇಬೇಡಿ, ಸಿಕ್ಕಿಕೊಂಡ ಪ್ರಾಣಿ ಬಿಡಿಸಿಕೊಳ್ಳಲಾಗದೆ ಏಟು ತಿನ್ನುತ್ತಲೇ ಇರುತ್ತದೆ.

ಇನ್ನೊಬ್ಬರು: ಸಲಾಕೆಗಳು ಎಷ್ಟು ಬೇಕು ಸರ್?

ತಂತ್ರಜ್ಞರು: ಮೂರು. ಮೇಲೆ ಬರೆದಿದ್ದೇನೆ.

ಕುದುರೆ ಸಾಕುವವರು: ಕುದುರೆಗಳಿಗೆ ತಂತಿ ಒಳ್ಳೆಯದೋ, ಅಗಲದ ಪಟ್ಟಿ ಒಳ್ಳೆಯದೋ?

ಹೈನುಗಾರರು: ಬೇಲಿ ಹಾಕಿದ ಮೇಲೆ ನಮ್ಮ ಹಸುಗಳು ಕೊಟ್ಟಿಗೆಯ ಕಬ್ಬಿಣದ ತೊಟ್ಟಿಗೆ ಮೂತಿ ತಾಗಿಸಿ ಥಟ್ಟನೆ ಹಿಂದೆ ಸರಿಯುತ್ತವೆ, ನೀರು ಕುಡಿಯುವುದು ಕಡಿಮೆಯಾಗಿದೆ. ಬೇಲಿಯ ಅರ್ಥಿಂಗ್ ತಂತಿಯನ್ನು ಅಲ್ಲಿಯೇ ಇದ್ದ ನೀರಿನ ಪೈಪಿಗೆ ಕಟ್ಟಿದ್ದೇವೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ತಂತ್ರಜ್ಞರು: ಇದೆ, ಮತ್ತು ಇಂದಿನ ಪ್ರಶ್ನೆಗಳಲ್ಲಿ ನನಗೆ ಆತಂಕ ತಂದಿರುವುದು ಇದೊಂದೇ. ಪ್ರಾಣಿಯೋ ಹುಲ್ಲೋ ತಂತಿಗೆ ತಾಗಿದಾಗ ವಿದ್ಯುತ್ತು ಮಣ್ಣಿನ ಮೂಲಕ ಯಂತ್ರಕ್ಕೆ ಹಿಂತಿರುಗಬೇಕು. ಆ ಮರಳುವ ದಾರಿಯನ್ನು ತಾವು ನೀರಿನ ಪೈಪಿನ ಮೂಲಕ ಕೊಟ್ಟಿಗೆಯೊಳಕ್ಕೆ ತಂದಿದ್ದೀರಿ. ಒದ್ದೆ ನೆಲದ ಮೇಲೆ ನಾಲ್ಕು ಕಾಲೂರಿ ನಿಂತು ಒದ್ದೆ ಮೂತಿಯನ್ನು ಕಬ್ಬಿಣಕ್ಕಿಡುವ ಹಸುವಿಗೆ, ನಮ್ಮ ಕೈಗೆ ಗೊತ್ತೇ ಆಗದಷ್ಟು ಸಣ್ಣ ವೋಲ್ಟೇಜ್ ಕೂಡ ತಟ್ಟುತ್ತದೆ. ಬೇಲಿಯನ್ನು ಆರಿಸಿ, ಪೈಪಿನಿಂದ ತಂತಿಯನ್ನು ಬಿಡಿಸಿ, ಕಟ್ಟಡದ ಅರ್ಥಿಂಗಿನಿಂದಲೂ ಪೈಪುಗಳಿಂದಲೂ ಕನಿಷ್ಠ ಹತ್ತು ಮೀಟರ್ ದೂರದಲ್ಲಿ ಬೇಲಿಗೆಂದೇ ಬೇರೆ ಸಲಾಕೆಗಳನ್ನು ಹೂಳಿಸಿ. ಅಲ್ಲಿಯವರೆಗೆ ಬೇಲಿ ಆರಿಯೇ ಇರಲಿ, ಹಸುಗಳ ವರ್ತನೆಯನ್ನು ಗಮನಿಸಿ ತಿಳಿಸಿ.

ಹಿರಿಯ ಸದಸ್ಯರು: ಅರ್ಥಿಂಗ್ ಗುಂಡಿಗೆ ಉಪ್ಪು ಸುರಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಸಂದೇಶ ಬಂದಿತ್ತು, ಹಂಚಿಕೊಳ್ಳುತ್ತಿದ್ದೇನೆ. ಯಂತ್ರವೂ ಬೇಕಾಗಿಲ್ಲವಂತೆ, ಮನೆಯ ಕರೆಂಟಿಗೆ ನಡುವೆ ಒಂದು 100 ವ್ಯಾಟ್ ಬಲ್ಬ್ ಸೇರಿಸಿ ಬೇಲಿಗೆ ಕೊಟ್ಟರೆ ಸಾಕಂತೆ.

ತಂತ್ರಜ್ಞರು: ಉಪ್ಪು ಸಲಾಕೆಗೆ ತುಕ್ಕು ಹಿಡಿಸುತ್ತದೆ. ಬಲ್ಬಿನ ಉಪಾಯ ಕೊಲ್ಲುತ್ತದೆ. ತಂತಿ ಮುಟ್ಟಿದ ದೇಹದ ರೋಧ ಸುಮಾರು 1,000 ಓಮ್ ಎಂದಿಟ್ಟುಕೊಳ್ಳಿ. ತಣ್ಣಗಿರುವ ಆ ಬಲ್ಬಿನ ರೋಧ 100 ಓಮ್ ಕೂಡ ಇರುವುದಿಲ್ಲವಾದ್ದರಿಂದ 230 ವೋಲ್ಟಿನ ಬಹುಪಾಲು ದೇಹದ ಮೇಲೆಯೇ ಬಿದ್ದು, ಸುಮಾರು 200 ಮಿಲಿ ಆಂಪಿಯರ್ ವಿದ್ಯುತ್ತು ಎಡೆಬಿಡದೆ ಹರಿಯುತ್ತದೆ. ಹೃದಯ ನಿಲ್ಲಲು ಅದರ ಅರ್ಧವೂ ಬೇಡ. ಎನರ್ಜೈಸರ್ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಏಟು ಕೊಟ್ಟು, ಸುಮಾರು ಒಂದು ಸೆಕೆಂಡ್ ಬಿಡುವು ಕೊಡುತ್ತದೆ. ಮುಟ್ಟಿದವರು ಹಿಂದೆ ಸರಿಯುವುದು ಆ ಬಿಡುವಿನಲ್ಲಿ. ಆ ಸಂದೇಶವನ್ನು ಅಳಿಸಿರಿ.

ಹಿರಿಯ ಸದಸ್ಯರು: ನಾನು ಬಂದದ್ದನ್ನು ಹಂಚಿಕೊಂಡೆನಷ್ಟೇ. ಹಾಗೆ ಮಾಡಿಕೊಂಡು ಚೆನ್ನಾಗಿಯೇ ಇರುವವರನ್ನೂ ಬಲ್ಲೆ.

ಮೇಕೆ ಸಾಕುವವರು: ಸತ್ತವರು ಗುಂಪಿನಲ್ಲಿ ಬರೆಯುವುದಿಲ್ಲ, ಸ್ವಾಮಿ.

ಹಿರಿಯ ಸದಸ್ಯರು: ಒಂದು ತಂತಿ ಎಳೆದು ಮೇಕೆ ನಿಲ್ಲುತ್ತದೆಂದು ನಂಬಿದ್ದವರು ನನಗೆ ಬುದ್ಧಿ ಹೇಳಬೇಕಾಗಿಲ್ಲ.

ಇನ್ನೊಬ್ಬರು: ಇಬ್ಬರೂ ನಿಲ್ಲಿಸಿ. ಸೋಲಾರ್ ಯಂತ್ರಕ್ಕೆ ಹಳೆಯ ಕಾರಿನ ಬ್ಯಾಟರಿ ಆಗುತ್ತದೆಯೇ ಸರ್? ಸಲಾಕೆಗಳು ಅದಕ್ಕೂ ಮೂರೇ ಏನು?

ತಂತ್ರಜ್ಞರು: ಕಾರಿನ ಬ್ಯಾಟರಿ ಇಂಜಿನ್ ಎಬ್ಬಿಸಲು ಮಾಡಿದ್ದು, ದಿನವೂ ಆಳವಾಗಿ ಖಾಲಿಯಾದರೆ ಬೇಗ ಹಾಳಾಗುತ್ತದೆ. ಸಲಾಕೆಗಳ ಬಗ್ಗೆ ಮೂರನೆಯ ಬಾರಿ ಬರೆಯುವುದಿಲ್ಲ.

ಹೈನುಗಾರರು: ಪೈಪಿನಿಂದ ತಂತಿ ಬಿಡಿಸಿದೆವು, ಬೇಲಿಯೂ ಆರಿದೆ. ಆದರೂ ಎರಡು ಹಸುಗಳು ಮೂತಿ ತಾಗಿಸಿ ಹಿಂದೆ ಸರಿದವು. ತೊಟ್ಟಿ ಮುಟ್ಟಿ ನೋಡಲೇ?

ಹಿರಿಯ ಸದಸ್ಯರು: ಹಳೆಯ ಏಟಿನ ನೆನಪಿರಬೇಕು, ಎರಡು ದಿನದಲ್ಲಿ ಮರೆಯುತ್ತವೆ.

ತಂತ್ರಜ್ಞರು: ಮುಟ್ಟಬೇಡಿ. ನೆನಪೂ ಇರಬಹುದು, ಆದರೆ ಮೋಟರಿನಿಂದಲೋ ಕೊಟ್ಟಿಗೆಯ ವೈರಿಂಗಿನಿಂದಲೋ ಮನೆಯ ವಿದ್ಯುತ್ತೇ ಪೈಪಿಗೆ ಸೋರುತ್ತಿರಲೂಬಹುದು. ಅದು ಬೇಲಿಯ ಏಟಿನಂತೆ ಬಿಡುವು ಕೊಡುವುದಿಲ್ಲ. ಹಸುಗಳನ್ನು ಹೊರಗೆ ಕಟ್ಟಿ, ಕೊಟ್ಟಿಗೆಯ ಮೇನ್ ಸ್ವಿಚ್ಚನ್ನು ಆರಿಸಿ, ಎಲೆಕ್ಟ್ರಿಷಿಯನ್ ಬಂದು ತೊಟ್ಟಿಗೂ ನೆಲಕ್ಕೂ ನಡುವೆ ಅಳೆದು ನೋಡುವವರೆಗೆ ಯಾರನ್ನೂ ಒಳಗೆ ಬಿಡಬೇಡಿ. ಈಗಲೇ ಹೋಗಿ, ಉತ್ತರವನ್ನು ಆಮೇಲೆ ಬರೆಯಬಹುದು.