ವರ್ಷಕ್ಕೆ 24 ಪುಸ್ತಕ ಓದಬೇಕು ಅಂತ ಉಂಟು, ನಿಮ್ಮ ಅನುಭವ ಹೇಳಿ

ಬದಿಯಡ್ಕ ಬಸ್ಸು:
ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡಿನಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಓದು ಬಿಟ್ಟೇ ಹೋಗಿತ್ತು. ಈಗ ಮಂಗಳೂರಿನಲ್ಲಿ ಕೆಲಸ, ದಿನಾ ಹೋಗಿ ಬರುವುದು. ಮೊನ್ನೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದಿದೆ. ನಮ್ಮದೇ ಹೊಳೆ, ನಮ್ಮದೇ ಕಡೆಯ ಕಥೆ, ಇಷ್ಟು ವರ್ಷ ಯಾರೂ ಹೇಳಲಿಲ್ಲವಲ್ಲ ಅನ್ನಿಸಿತು. ಭೈರಪ್ಪನವರು ತೀರಿಕೊಂಡ ಸುದ್ದಿ ಬಂದಾಗ ‘ಪರ್ವ’ ತಂದಿದ್ದೆ, ಅದನ್ನು ಈಗ ಶುರು ಮಾಡಿದ್ದೇನೆ. ವರ್ಷಕ್ಕೆ 24 ಅಂತ ಗುರಿ. ಆಗುತ್ತದಾ? ಪುಸ್ತಕ ಕೊಳ್ಳುವುದಾ, ಲೈಬ್ರರಿಯಾ, ಮೊಬೈಲಿನಲ್ಲಾ? ಬಸ್ಸಿನಲ್ಲಿ ಓದಿದರೆ ತಲೆ ಸುತ್ತುತ್ತದೆ, ಅದಕ್ಕೆ ಏನಾದರೂ ಉಪಾಯ ಇದ್ದರೆ ಹೇಳಿ.

ನೀರ್ಚಾಲು ಮಾಷ್ಟ್ರು:
24 ಯಾಕೆ? ಯಾರಾದರೂ ಕಡ್ಡಾಯ ಮಾಡಿದ್ದಾರಾ? ನಾನು ಪೆನ್ಶನ್ ಆದ ವರ್ಷ ‘ಮಲೆಗಳಲ್ಲಿ ಮದುಮಗಳು’ ಹಿಡಿದೆ. ಏಳುನೂರು ಪುಟ ದಾಟುವ ಪುಸ್ತಕ ಅದು. ಆಟಿ ತಿಂಗಳ ಮಳೆಯಲ್ಲಿ ಶುರು ಮಾಡಿದ್ದು, ಮುಗಿಯುವಾಗ ಅಡಕೆ ಕೊಯ್ಲು ಬಂದಿತ್ತು. ಅಷ್ಟರಲ್ಲಿ ನನ್ನ ತಂಗಿಯ ಮಗ ಇಪ್ಪತ್ತು ಚಿಲ್ಲರೆ ಪುಸ್ತಕ ಮುಗಿಸಿ, ಎಲ್ಲವನ್ನೂ ಜೋಡಿಸಿಟ್ಟು ಫೋಟೋ ಹಾಕಿದ್ದ. ಹೆಚ್ಚಿನವು ತೊಂಬತ್ತು, ನೂರು ಪುಟದವು. ಯಾವುದರಲ್ಲಿ ಏನು ಉಂಟು ಅಂತ ಕೇಳಿದರೆ ಫೋಟೋ ನೋಡಿ ಹೇಳುತ್ತಾನೆ. ನನಗೆ ಗುತ್ತಿಯೂ ಮರೆತಿಲ್ಲ, ಅವನ ನಾಯಿ ಹುಲಿಯನೂ ಮರೆತಿಲ್ಲ. ಊಟಕ್ಕೆ ಕೂತವರು ತುತ್ತಿನ ಲೆಕ್ಕ ಇಡುತ್ತಾರಾ ಮಾರಾಯ್ರೇ?

ಇನ್ನು ಕೊಳ್ಳುವ ವಿಷಯ. ಆ ಪುಸ್ತಕ ತರಲು ಮಂಗಳೂರಿಗೆ ಹೋದ ದಿನ ಜೋರು ಮಳೆ. ಬಸ್ಸಿಗೆ ಹೋಗುವಾಗಲೂ ಬರುವಾಗಲೂ ದುಡ್ಡು, ಹೋಟೆಲಿನಲ್ಲಿ ಎರಡು ಇಡ್ಲಿ ಒಂದು ಚಾ, ಅಂಗಡಿ ತನಕ ಆಟೋ, ನಿಂತಲ್ಲೇ ಕೊಂಡ ಹೊಸ ಕೊಡೆ 380 ರೂಪಾಯಿ. ಕೊಡೆ ಬಸ್ಸಿನಲ್ಲೇ ಬಾಕಿ. ಪುಸ್ತಕ ಮಾತ್ರ ಅಂಗಿಯ ಒಳಗೆ ಹೊಟ್ಟೆಗೆ ಒತ್ತಿ ಹಿಡಿದದ್ದರಿಂದ ಒಂದು ಹನಿ ನೀರೂ ತಾಗಲಿಲ್ಲ.

ಕುಂಬ್ಳೆ ಅಕ್ಕ:
ನಾನು ಈ ವರ್ಷ ಮೂವತ್ತು ದಾಟಿದ್ದೇನೆ, ಮಾಷ್ಟ್ರು ಬೇಸರ ಮಾಡಬೇಡಿ. ಎಲ್ಲಾ ಕೇಳಿಯೇ ಆದದ್ದು. ಕಣ್ಣಿಗೆ ಆಪರೇಷನ್ ಆದ ಮೇಲೆ ಸಣ್ಣ ಅಕ್ಷರ ನೋಡಿದರೆ ನೀರು ಬರುತ್ತದೆ. ಮಗಳು ಮೊಬೈಲಿಗೆ ಆಡಿಯೋ ಪುಸ್ತಕದ ಆಪ್ ಹಾಕಿ ಕೊಟ್ಟಳು. ಬೆಳಿಗ್ಗೆ ನೀರುದೋಸೆ ಎರೆಯುವಾಗ ಒಂದು ಅಧ್ಯಾಯ, ಪಾತ್ರೆ ತೊಳೆಯುವಾಗ ಇನ್ನೊಂದು.

ಖರ್ಚಿನ ಕಥೆ ಕೇಳಿ. ಮೊದಲು ತೆಗೆದ ಇಯರ್‌ಫೋನ್ 1,299. ವಾರದೊಳಗೆ ಒಂದು ಕಿವಿಯದ್ದು ಸಾಂಬಾರಿಗೆ ಬಿತ್ತು. ಅಕ್ಕಿಯಲ್ಲಿ ಹುಗಿದಿಟ್ಟೆ, ಬಿಸಿಲಿಗಿಟ್ಟೆ, ಏನೂ ಆಗಲಿಲ್ಲ. ಅಂಗಡಿಯವರು ಒಂದೇ ಕಿವಿಯದ್ದು ಬೇರೆಯಾಗಿ ಸಿಗುವುದಿಲ್ಲ ಅಂದರು. ಆಮೇಲೆ ವಯರ್ ಇರುವುದು 250ಕ್ಕೆ ತಂದೆ, ಅದನ್ನು ಬೆಕ್ಕು ಕಚ್ಚಿತು. ಈಗ ಸುಮ್ನೆ ಮೊಬೈಲನ್ನು ಸ್ಟೀಲ್ ಲೋಟದೊಳಗೆ ನಿಲ್ಲಿಸುವುದು. ಇಡೀ ಅಡುಗೆಮನೆಗೆ ಕೇಳುತ್ತದೆ. ಅತ್ತೆಯೂ ಬಂದು ಕೂರುತ್ತಾರೆ, ಮಧ್ಯದಲ್ಲಿ "ಅವಳನ್ನು ಅವನಿಗೇ ಕೊಟ್ಟರಾ?" ಅಂತ ಕೇಳಿ ತಲೆ ತಿನ್ನುತ್ತಾರೆ. ಆದರೂ ನನ್ನ ಲೆಕ್ಕ ಮೂವತ್ತು ದಾಟಿದೆ.

ಪೆರ್ಲದ ತೋಟ:
ಕೇಳಿದ್ದು ಓದಿದ ಲೆಕ್ಕಕ್ಕೆ ಬರುವುದಿಲ್ಲ ಅಕ್ಕ. ಕೇಳಿ, ಬೇಡ ಅನ್ನುವುದಿಲ್ಲ. ಓದಿದೆ ಅಂತ ಹೇಳಬೇಡಿ, ಅಷ್ಟೇ.

ಕುಂಬ್ಳೆ ಅಕ್ಕ:
ಯಕ್ಷಗಾನಕ್ಕೆ ರಾಮಾಯಣ ಬರೆದ ಪಾರ್ತಿಸುಬ್ಬನ ಊರಿನವಳು ನಾನು, ನನಗೆ ಇದನ್ನು ಹೇಳುತ್ತೀರಾ? ನಮ್ಮ ಅಜ್ಜಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ, ಯಕ್ಷಗಾನದ ರಾಮಾಯಣದ ಪದ್ಯಗಳು ಸಾಲು ಸಾಲು ಬಾಯಿಗೆ ಬರುತ್ತಿತ್ತು. ಗದುಗಿನ ಭಾರತವನ್ನು ಒಬ್ಬರು ರಾಗವಾಗಿ ಓದುವುದು, ಒಬ್ಬರು ಅರ್ಥ ಹೇಳುವುದು, ಊರಿನವರು ಕೂತು ಕೇಳುವುದು, ಇದು ನಮ್ಮಲ್ಲಿ ಹೊಸತಾ? ಅವರೆಲ್ಲ ಭಾರತ ಗೊತ್ತಿಲ್ಲದವರಾ? ಪುಸ್ತಕವನ್ನು ಒಬ್ಬರೇ ಮೂಲೆಯಲ್ಲಿ ಕೂತು ಬಾಯಿಮುಚ್ಚಿ ಓದುವುದೇ ನಿನ್ನೆ ಮೊನ್ನೆ ಬಂದ ಕ್ರಮ.

ಪೆರ್ಲದ ತೋಟ:
ಗಮಕ ಬೇರೆ, ದೋಸೆ ಎರೆಯುತ್ತಾ ಕೇಳುವುದು ಬೇರೆ.

ಮುಳ್ಳೇರಿಯ ಕನ್ನಡಿಗ:
ಅಕ್ಕ ಹೇಳಿದ್ದು ಸರಿ. ನಾನು ರಾಮಾಯಣ ಕಲಿತದ್ದು ಕ್ಯಾಸೆಟಿನಲ್ಲಿ, ತಾಳಮದ್ದಳೆಯ ಅರ್ಥಧಾರಿ ಶೇಣಿಯವರ ವಾಲಿಯ ಮಾತು ಕೇಳಿ. ಅದೇ ಕ್ಯಾಸೆಟ್ ಎಷ್ಟು ಸಲ ಹಾಕಿದ್ದೇನೋ, ಕೊನೆಗೆ ರೀಲು ಸಿಕ್ಕಿಹಾಕಿಕೊಂಡು ಪೆನ್ಸಿಲ್ ಹಾಕಿ ತಿರುಗಿಸಬೇಕಾಯಿತು. ಈಗಿನ ಅರ್ಥಧಾರಿಗಳಲ್ಲಿ ಆ ಓದೂ ಇಲ್ಲ, ಆ ಮಾತೂ ಇಲ್ಲ. ಬರೀ ಎದುರಿನವರ ಕಾಲೆಳೆಯುವುದು.

ನೀರ್ಚಾಲು ಮಾಷ್ಟ್ರು:
ಈಗಿನವರನ್ನು ಯಾಕೆ ಎಳೆಯುತ್ತೀರಿ? ಕಳೆದ ತಿಂಗಳು ನಮ್ಮ ದೇವಸ್ಥಾನದಲ್ಲಿ ಕೂಟ ಇತ್ತು, ನೀವು ಬಂದಿರಲಿಲ್ಲ. ಬಂದು ಕೇಳಿ ಮಾತಾಡಿ.

ಬದಿಯಡ್ಕ ಬಸ್ಸು:
ತಾಳಮದ್ದಳೆ ನನಗೂ ಇಷ್ಟ ಮಾಷ್ಟ್ರೇ. ಬಸ್ಸಿನಲ್ಲಿ ತಲೆ ಸುತ್ತುವುದಕ್ಕೆ ಯಾರಾದರೂ ಏನಾದರೂ ಹೇಳಿದರೆ ಉಪಕಾರ ಆಗುತ್ತಿತ್ತು.

ಉಪ್ಪಳ ಗೇಟ್:
ಮುಂದಿನ ಸೀಟು. ಇಲ್ಲದಿದ್ದರೆ ಕುಂಬ್ಳೆಯಿಂದ ಟ್ರೈನ್ ಹಿಡಿಯಿರಿ.

ಪೆರ್ಲದ ತೋಟ:
ಕೊಳ್ಳುವುದಾ ಅಂತ ಕೇಳಿದ್ದೀರಿ. ಕೊಳ್ಳುವುದು ಸುಲಭ, ಮಳೆಗಾಲದಲ್ಲಿ ಉಳಿಸಿಕೊಳ್ಳುವುದರ ಬಗ್ಗೆ ಯಾರೂ ಹೇಳುವುದಿಲ್ಲ. ನಮ್ಮದು ಹಂಚಿನ ಮನೆ, ಸುತ್ತ ತೋಟ. ಜೂನಿನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ. ಮೊದಲು ಹಲಸಿನ ಮರದ ಶೆಲ್ಫ್ ಮಾಡಿಸಿದೆ, ಮರ ನಮ್ಮದೇ, ಆಚಾರಿಯ ಮಜೂರಿ ಮಾತ್ರ 6,500. ಗೋಡೆಗೆ ತಾಗಿಸಿ ಇಟ್ಟದ್ದು. ಒಂದೇ ಮಳೆಗಾಲಕ್ಕೆ ಹಿಂದಿನ ಸಾಲಿನ ಪುಸ್ತಕಕ್ಕೆಲ್ಲ ಬೂಷ್ಟು. ಒರೆಸಿ ಬಿಸಿಲಿಗೆ ಹಾಕಿದೆ, ರಟ್ಟು ಬಿಲ್ಲಿನ ಹಾಗೆ ಬಾಗಿತು. ಬೇವಿನ ಸೊಪ್ಪು ಇಟ್ಟೆ, ಸೊಪ್ಪಿಗೇ ಬೂಷ್ಟು ಬಂತು. ನುಸಿಗುಳಿಗೆ ಇಟ್ಟೆ, ಹೆಂಡತಿಗೆ ತಲೆನೋವು. ಕರ್ಪೂರ ಇಟ್ಟರೆ ತಿಂಗಳಲ್ಲಿ ಆವಿ.

ಆಮೇಲೆ ಕಾಸರಗೋಡಿನಲ್ಲಿ ಹಳೆ ಸ್ಟೀಲ್ ಕಪಾಟು ಸಿಕ್ಕಿತು, 4,200. ಪಿಕಪ್ ಬಾಡಿಗೆ 1,400, ಇಳಿಸಿದವರಿಗೆ ಬೇರೆ. ಒಳಗೆ ಒಂದು ಸಣ್ಣ ಬಲ್ಬ್ ಸಿಕ್ಕಿಸಿ ಮಳೆಗಾಲದಲ್ಲಿ ಉರಿಸಿಡುವುದು. ಕರೆಂಟು ಇದ್ದರೆ ತಾನೆ! ಜಾಗ ಸಾಲದ ಪುಸ್ತಕವನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಚಾವಡಿಯ ಮೂಲೆಯಲ್ಲಿ ಇಟ್ಟಿದ್ದರು ನಮ್ಮ ಮನೆಯವರು, ನನ್ನನ್ನು ಕೇಳದೆ. ಗೆದ್ದಲು ಕೆಳಗಿನಿಂದ ಬಂದು ಮೇಲಿನ ಎರಡು ಪುಸ್ತಕ ಮಾತ್ರ ಬಿಟ್ಟಿತ್ತು. ಕವಿ ಕಯ್ಯಾರರ ಆತ್ಮಕಥೆ ‘ದುಡಿತವೇ ನನ್ನ ದೇವರು’ ಅದರಲ್ಲಿತ್ತು. ಕಪಾಟಿಗೆ ಈಗ ಕೆಳಗಿನಿಂದ ತುಕ್ಕು. ಆದರೂ ನಾನು ಪುಸ್ತಕವನ್ನೇ ಕೊಳ್ಳುವವನು. ಕೈಯಲ್ಲಿ ಹಿಡಿಯದೆ ನನಗೆ ಓದಿದ ಹಾಗೆ ಆಗುವುದಿಲ್ಲ.

ಕುಂಬ್ಳೆ ಅಕ್ಕ:
ನನ್ನ ಲೋಟಕ್ಕೆ ಗೆದ್ದಲು ಬರುವುದಿಲ್ಲ.

ಉಪ್ಪಳ ಗೇಟ್:
😂 ಅಕ್ಕ.

ನಾನು ದುಡ್ಡು ಕೊಟ್ಟು ಪುಸ್ತಕ ತೆಗೆಯುವುದೇ ಇಲ್ಲ. ಕೇರಳದಲ್ಲಿ ಇದ್ದುಕೊಂಡು ಲೈಬ್ರರಿ ಬಿಡುವುದು ದಡ್ಡತನ. ಪಿ.ಎನ್. ಪಣಿಕ್ಕರ್ 1945ರಲ್ಲಿ 47 ಗ್ರಂಥಶಾಲೆಗಳನ್ನು ಸೇರಿಸಿ ಶುರು ಮಾಡಿದ ಸಂಘದಿಂದಲೇ ಇಲ್ಲಿನ ಲೈಬ್ರರಿಗಳು ಬೆಳೆದದ್ದು. ಜೂನ್ 19 ಅವರು ತೀರಿಕೊಂಡ ದಿನ, ಅದನ್ನೇ ಇಲ್ಲಿ ಶಾಲೆಗಳಲ್ಲಿ ಓದುವ ದಿನ ಅಂತ ಮಾಡುತ್ತಾರೆ. ನಮ್ಮ ವಾಚನಾಲಯ ಸಂಜೆ ಹೊತ್ತು ತೆರೆದಿರುತ್ತದೆ, ಚಂದಾ ಒಂದು ಚಾದ ದುಡ್ಡು. ಸಮಸ್ಯೆ ಏನೆಂದರೆ ಕನ್ನಡದ ಕಪಾಟು ಒಂದೇ. ಅದರಲ್ಲಿ ಇದ್ದದ್ದನ್ನು ಹೈಸ್ಕೂಲಿನಲ್ಲೇ ಮುಗಿಸಿದ್ದೆ. ಹೊಸ ಕನ್ನಡ ಪುಸ್ತಕ ತರಿಸಿ ಅಂತ ಪಟ್ಟಿ ಬರೆದು ಕೊಟ್ಟೆ. ಪಟ್ಟಿ ಮೇಜಿನ ಡ್ರಾಯರಿನಲ್ಲಿ ಉಂಟು, ನಾನೇ ನೋಡಿದ್ದೇನೆ.

ಹಾಗಾಗಿ ಮಲಯಾಳ ಹಿಡಿದೆ. ಓ.ವಿ. ವಿಜಯನ್ ಅವರ ‘ಖಸಾಕಿಂಡೆ ಇತಿಹಾಸಂ’ ಮೊದಲ ಸಲ ಅರ್ಧಕ್ಕೆ ಬಿಟ್ಟೆ, ಪಾಲಕ್ಕಾಡಿನ ಮಾತು ನಮಗೆ ಬೇಗ ಹತ್ತುವುದಿಲ್ಲ. ಅಂಬಿಕಾಸುತನ್ ಮಾಙಾಡ್ ಅವರ ‘ಎನ್‌ಮಕಜೆ’ ಒಂದೇ ಹಿಡಿತಕ್ಕೆ ಮುಗಿಯಿತು. ಎಣ್ಮಕಜೆ ನಮ್ಮದೇ ಪಂಚಾಯತು, ಎಂಡೋಸಲ್ಫಾನ್ ಕೀಟನಾಶಕ ನಮ್ಮದೇ ಸಂಕಟ. ಅದನ್ನು ಮಲಯಾಳದಲ್ಲಿ ಓದಬೇಕಾಯಿತು. ಈ ವರ್ಷದ ನನ್ನ ಲೆಕ್ಕದಲ್ಲಿ ಮಲಯಾಳವೇ ಜಾಸ್ತಿ.

ಮುಳ್ಳೇರಿಯ ಕನ್ನಡಿಗ:
ಇದೇ ಬೇಡ ಅನ್ನುವುದು. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಮ್ಮ ಹಿರಿಯರು ಯಾವುದಕ್ಕೆ ಹೋರಾಡಿದ್ದು? ಕನ್ನಡ ಮೀಡಿಯಂ ಕ್ಲಾಸಿಗೆ ಕನ್ನಡ ಬಾರದ ಮಾಷ್ಟ್ರು ಬಂದಾಗ ನಾವು ಗೇಟಿನ ಹೊರಗೆ ಬಿಸಿಲಲ್ಲಿ ಕೂತಿದ್ದೆವು. ನೀವು ಲೈಬ್ರರಿಯಲ್ಲಿ ಕನ್ನಡ ಕೇಳುವುದು ಬಿಟ್ಟರೆ ಆ ಒಂದು ಕಪಾಟೂ ಹೋಗುತ್ತದೆ. ಯಾರೂ ತೆಗೆದುಕೊಂಡು ಹೋಗುವುದಿಲ್ಲ ಅಂತ ರಿಜಿಸ್ಟರ್ ತೋರಿಸುತ್ತಾರೆ, ಮುಗಿಯಿತು. ನನ್ನ ಗುರಿ ಪುಸ್ತಕದ್ದಲ್ಲ, ಸಹಿಯದ್ದು. ವಾರಕ್ಕೊಮ್ಮೆ ಹೋಗಿ, ಓದಿದ ಪುಸ್ತಕವನ್ನೇ ಆದರೂ ಮತ್ತೆ ನನ್ನ ಹೆಸರಿಗೆ ಬರೆಸಿ ತರುತ್ತೇನೆ. ಮಗನ ಹೆಸರಿಗೂ ಒಂದು. ಅವನು ಓದುವುದಿಲ್ಲ, ಹೊತ್ತುಕೊಂಡು ಬರುತ್ತಾನೆ.

ಉಪ್ಪಳ ಗೇಟ್:
ಓದದೆ ಸಹಿ ಹಾಕುವುದನ್ನು ಹೋರಾಟ ಅಂತ ಹೇಳುತ್ತೀರಿ, ಓದಿದ ನಾನು ದ್ರೋಹಿ. ಇರಲಿ ಅಣ್ಣ.

ಮುಳ್ಳೇರಿಯ ಕನ್ನಡಿಗ:
ದ್ರೋಹಿ ಅಂತ ನಾನು ಎಲ್ಲಿ ಹೇಳಿದೆ? ಬಾಯಿಗೆ ಬಂದದ್ದು ಬರೆಯಬೇಡಿ. ಗಡಿಯ ಬಗ್ಗೆ ಮಹಾಜನ ವರದಿ ಏನು ಹೇಳಿತ್ತು, ಚಂದ್ರಗಿರಿಯಿಂದ ಉತ್ತರಕ್ಕೆ...

ನೀರ್ಚಾಲು ಮಾಷ್ಟ್ರು:
ಮಹಾಜನ ವರದಿ ಇಲ್ಲಿ ಬೇಡ, ಅದು ಶುರುವಾದರೆ ನಾಳೆ ಬೆಳಗಾಗುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ಎಷ್ಟೊಂದು ಭಾಷೆ ಓದುತ್ತಿದ್ದರು, ಅದರಿಂದ ಅವರ ಕನ್ನಡ ಕಡಿಮೆಯಾಯಿತಾ? 1949ರಲ್ಲಿ ರಾಷ್ಟ್ರಕವಿ ಅಂತ ಮದ್ರಾಸ್ ಸರಕಾರ ಕರೆದದ್ದು ಈ ಊರಿನ ಮನುಷ್ಯನನ್ನು. ಓದುವವ ಯಾವುದನ್ನೂ ಓದಲಿ. ಆದರೆ ಉಪ್ಪಳದವರೇ, ಆ ಪಟ್ಟಿಯನ್ನು ಡ್ರಾಯರಿನಲ್ಲಿ ಬಿಟ್ಟು ಬರಬಾರದಿತ್ತು. ಕಮಿಟಿ ಸಭೆ ದಿನ ಹೋಗಿ ಎಲ್ಲರ ಎದುರು ಓದಬೇಕು. ನಾವು ಹಾಗೆ ಮಾಡಿಯೇ ಎರಡು ಕಪಾಟು ಕನ್ನಡ ಮಾಡಿಸಿದ್ದು.

ಮಂಜೇಶ್ವರ ಲೋಕಲ್:
ಮೊಬೈಲಿನಲ್ಲಾ ಅಂತ ಕೇಳಿದ್ದೀರಿ, ನನ್ನದು ಕೇಳಿ ಆಮೇಲೆ ದುಡ್ಡು ಹಾಕಿ. ಟ್ರೈನಿನಲ್ಲಿ ಓದಲು ಅಂತ ದೊಡ್ಡ ಕಂಪನಿಯೊಂದರ ಇ-ರೀಡರ್ ತೆಗೆದೆ. ಹತ್ತು ಸಾವಿರದ ಹತ್ತಿರ, ಮೇಲೆ ಕವರಿಗೆ 900. ಅದರೊಳಗಿನ ಪುಸ್ತಕದಂಗಡಿ ತೆರೆದು ನೋಡಿದರೆ ತಮಿಳು ಉಂಟು, ಮಲಯಾಳ ಉಂಟು, ಕನ್ನಡಕ್ಕೆ ಜಾಗವೇ ಇಲ್ಲ. ಇಷ್ಟು ಜನ ಮಾತಾಡುವ ಭಾಷೆಗೆ! ಸ್ಕ್ಯಾನ್ ಮಾಡಿದ ಹಳೆ ಪುಸ್ತಕ ಹಾಕಿಕೊಂಡೆ. ಅಕ್ಷರ ಇರುವೆಯಷ್ಟು, ದೊಡ್ಡ ಮಾಡಿದರೆ ಸಾಲು ಪರದೆಯಿಂದ ಹೊರಗೆ, ಪ್ರತಿ ಸಾಲಿಗೂ ಬೆರಳಲ್ಲಿ ಎಳೆಯಬೇಕು. ತಲಪಾಡಿಯಿಂದ ತೊಕ್ಕೊಟ್ಟಿನವರೆಗೆ ಒಂದು ಪ್ಯಾರಾ. ಈಗ ಅದು ನನ್ನ ಅಣ್ಣನ ಹತ್ತಿರ ಉಂಟು, ಅವನು ಇಂಗ್ಲಿಷ್ ಓದುವವ. ನಾನು ಮೊಬೈಲಿನಲ್ಲಿ ಮೈಲ್ಯಾಂಗ್ ಆಪ್ ಹಾಕಿಕೊಂಡಿದ್ದೇನೆ, ಅದರಲ್ಲಿ ಕನ್ನಡದ ಇ-ಪುಸ್ತಕವೂ ಉಂಟು, ಕೇಳುವ ಪುಸ್ತಕವೂ ಉಂಟು.

ಅಚ್ಚಿನ ಪುಸ್ತಕ ಬೆಂಗಳೂರಿನಿಂದ ತರಿಸುವುದು ಇನ್ನೊಂದು ಗೋಳು. 2024ರ ಡಿಸೆಂಬರಿನಲ್ಲಿ ಅಂಚೆಯವರ ಕಡಿಮೆ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತ ಮೇಲೆ ಒಂದು ಸಣ್ಣ ಪುಸ್ತಕಕ್ಕೂ ಕಳಿಸುವ ಖರ್ಚೇ ಭಾರವಾಯಿತು. 120ರ ಕವನ ಸಂಕಲನಕ್ಕೆ 85 ಕೊಟ್ಟಿದ್ದೇನೆ. ಕೊರಿಯರಿನವರು ಮಂಜೇಶ್ವರ ಅಂದರೆ ಬೇರೆ ರಾಜ್ಯದ ರೇಟು ಹಾಕುತ್ತಾರೆ, ತಲಪಾಡಿಯ ಆಚೆ ಇರುವ ನನ್ನ ಚಿಕ್ಕಮ್ಮನ ಮನೆಗೆ ಕಡಿಮೆ. ಹಾಗಾಗಿ ವಿಳಾಸ ಚಿಕ್ಕಮ್ಮನದ್ದು, ಹೋಗಿ ತರುವುದು ನಾನು, ಹೋದರೆ ಊಟ ಮಾಡದೆ ಬಿಡುವುದಿಲ್ಲ, ಭಾನುವಾರ ಅಲ್ಲಿಗೇ ಮುಗಿಯಿತು. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ‘ಎದೆಯ ಹಣತೆ’ ತರಿಸಿ, ‘ಹಾರ್ಟ್ ಲ್ಯಾಂಪ್’ನ ಕಥೆ ಎಲ್ಲಾ ಇದರಲ್ಲೇ ಉಂಟು ಅಂದುಕೊಂಡವರು ನಮ್ಮಲ್ಲಿ ಸುಮಾರು ಜನ. ಇಂಗ್ಲಿಷಿನ 12 ಕಥೆ ಬೇರೆ ಬೇರೆ ಸಂಕಲನದಿಂದ ಆಯ್ದದ್ದು. ತರಿಸುವ ಮೊದಲು ಪರಿವಿಡಿ ಕೇಳಿ ನೋಡಿ.

ಪೆರ್ಲದ ತೋಟ:
ಚಿಕ್ಕಮ್ಮನ ವಿಳಾಸಕ್ಕೆ ನನ್ನದೂ ಎರಡು ಹಾಕಬಹುದಾ? ಕಯ್ಯಾರರದ್ದು ಮತ್ತೆ ತರಿಸಬೇಕು.

ಮಂಜೇಶ್ವರ ಲೋಕಲ್:
ಹಾಕುವ. ನಾಲ್ಕೈದು ಜನ ಸೇರಿದರೆ ಒಂದೇ ಪಾರ್ಸೆಲ್, ಖರ್ಚು ಹಂಚಿಕೊಳ್ಳುವುದು. ಬದಿಯಡ್ಕದವರೇ, ನಿಮಗೂ ಬೇಕಾದರೆ ಹೇಳಿ, ದಿನಾ ಈ ದಾರಿಯಲ್ಲೇ ಹೋಗುತ್ತೀರಲ್ವಾ, ಹೊಸಂಗಡಿಯಲ್ಲಿ ಕೊಡುತ್ತೇನೆ. ದುಡ್ಡು ಮೊದಲು.

ಕುಂಬ್ಳೆ ಅಕ್ಕ:
ಅತ್ತೆಗೆ ದೊಡ್ಡ ಅಕ್ಷರದ ರಾಮಾಯಣ ಒಂದು. ಕೇಳಿದ್ದು ಸಾಲದಂತೆ, ನೋಡಬೇಕಂತೆ. ಪೆರ್ಲದವರು ಈಗ ಏನೂ ಬರೆಯಬೇಡಿ.

ಉಪ್ಪಳ ಗೇಟ್:
ನನ್ನ ಹೆಸರೂ ಸೇರಿಸಿ, ಕನ್ನಡದ್ದೇ ಮೂರು. ಆದರೆ ಓದಲು ಅಂತ ಪುಸ್ತಕ ಸಾಲ ತೆಗೆದುಕೊಂಡು ವಾಪಸ್ ಕೊಡದವರು ಒಬ್ಬರು ಈ ಗುಂಪಿನಲ್ಲೇ ಇದ್ದಾರೆ. ಅವರು ಇದ್ದರೆ ನಾನಿಲ್ಲ.

ಮುಳ್ಳೇರಿಯ ಕನ್ನಡಿಗ:
ಅದು ನನಗೆ ಹೇಳಿದ್ದಾ? ಆ ಪುಸ್ತಕ ನಿಮ್ಮ ತಮ್ಮನ ಕೈಯಲ್ಲೇ ಕೊಟ್ಟಾಗಿದೆ, ಅವನನ್ನು ಕೇಳಿ.